ಹೊಕ್ಕುಳಬಳ್ಳಿ ಹೂಳುವ ಮರ

ಕೆಂಪುಗುಡ್ಡ, ಶೊಂಟೊ ದಾರಿ, ಅರಿಝೋನಾ
ಅಕ್ಟೋಬರ್ ೧೪, ೧೯೬೬

ಪ್ರೀತಿಯ ತಂಗಿ ಐಲೀನ್‌ಗೆ,

ಹೆತ್ತ ಮೈ ಹೇಗಿದೆ? ಬೆನ್ನುನೋವು ಇಳಿಯಿತೇ? ಮಗು ಹಾಲು ಕುಡಿದು ನಿದ್ದೆ ಮಾಡುತ್ತಿದೆ ತಾನೆ? ಫೀನಿಕ್ಸ್‌ನ ಸೆಕೆಯಲ್ಲಿ ಬಾಣಂತನ ಹೇಗೆ ಮಾಡಿಕೊಳ್ಳುತ್ತೀಯೋ ಎಂಬ ಯೋಚನೆ ನನಗೆ. ನಿನ್ನ ಗಂಡ ಡೆಲ್ಬರ್ಟ್‌ನನ್ನೂ ಕೇಳಿದೆನೆಂದು ಹೇಳು, ಕೇಳದಿದ್ದರೆ ನೀನು ಮುನಿಸಿಕೊಳ್ಳುತ್ತೀಯ. ಇಲ್ಲಿ ಅಮ್ಮನ ಕೆಮ್ಮು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ.

ನಿನ್ನ ಕಾಗದ ಬಂತು. ತೊಟ್ಟಿಲ ಹಲಗೆಗೆ ಕಟ್ಟಲು ಜುನಿಪರ್ ಬೀಜದ ಸರ ಬೇಕು, ಮಗುವಿನ ಹೊಕ್ಕುಳಬಳ್ಳಿ ಉದುರಿದೆ, ಅಂಚೆಯಲ್ಲಿ ಕಳಿಸುತ್ತೇನೆ, ನಮ್ಮಿಬ್ಬರದನ್ನು ಹೂತ ಮರದ ಬುಡದಲ್ಲೇ ಅವಳದನ್ನೂ ಹೂತುಬಿಡಿ ಎಂದು ಬರೆದಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಯಾವ ಮರ, ಐಲೀನ್?

ಆಗಸ್ಟ್‌ನಲ್ಲಿ ಎರಡು ಬುಲ್ಡೋಜರ್ ಬಂದವು. ನಡುವೆ ಹಡಗಿನ ಲಂಗರಿನ ಸರಪಳಿ. ಸಮುದ್ರವನ್ನೇ ಕಾಣದ ಈ ಮರಳಿಗೆ ಹಡಗಿನ ಸರಪಳಿ ತಂದರು ನೋಡು. ಈ ಕೊನೆಯಿಂದ ಆ ಕೊನೆಗೆ ಎಳೆದುಕೊಂಡು ಹೋಗಿ ಜುನಿಪರ್ ಮರಗಳನ್ನೆಲ್ಲ ಬೇರುಸಮೇತ ಕಿತ್ತರು. ನೀರಿಲ್ಲದ ವರ್ಷ ತನ್ನದೇ ಒಂದು ಕೊಂಬೆಯನ್ನು ಒಣಗಲು ಬಿಟ್ಟು ಉಳಿದದ್ದನ್ನು ಬದುಕಿಸಿಕೊಳ್ಳುವ ಮರ ನಮ್ಮ ಜುನಿಪರ್. ಅಜ್ಜಿಯ ಅಜ್ಜಿ ಅದರ ನೆರಳಲ್ಲಿ ಮಗ್ಗ ಹೂಡಿದ್ದಳು. ಬೇರು ಮೇಲಾಗಿ ಬಿತ್ತು. ಪೊಟರೆಯಲ್ಲಿ ಗೂಡು ಕಟ್ಟುತ್ತಿದ್ದ ಬೂದುಗುಬ್ಬಿಗಳು ಎರಡು ದಿನ ಅದರ ಮೇಲೇ ಹಾರಾಡಿದವು.

ಬೀಜದ ವಿಷಯ. ಅಳಿಲು ಕಚ್ಚಿ ತೂತು ಮಾಡಿದ ಬೀಜವೇ ಆಗಬೇಕು, ಇನ್ನೊಂದು ತುದಿಗೆ ಮಾತ್ರ ನಾವು ಸೂಜಿ ಹಾಕಬೇಕು, ಅದರ ಬಿಲದಿಂದ ತೆಗೆದರೆ ಹಿಡಿ ಜೋಳ ಇಟ್ಟು ಬರಬೇಕು. ಅದೆಲ್ಲ ನಿನಗೂ ಗೊತ್ತು. ಜೋಳ ಹಿಡಿದುಕೊಂಡು ಹೋದೆ. ಕೊಡಲು ಯಾರೂ ಇರಲಿಲ್ಲ. ಒಂದೇ ಒಂದು ಅಳಿಲು ನಮ್ಮ ಹಿಟ್ಟಿನ ಚೀಲದಲ್ಲಿ ಸಿಕ್ಕಿತು. ಅಮ್ಮ ಕಡ್ಡಿ ಹಿಡಿದು ನಿಂತು, "ಹಿಟ್ಟು ತಿಂದ್ರೆ ನೀನು ದಪ್ಪ ಆಗ್ತೀಯ ಅಷ್ಟೇ ಕಣೋ, ಮಣಿ ಯಾರು ಮಾಡ್ತಾರೆ?" ಎಂದಳು. ಹೊಡೆಯಲಿಲ್ಲ. ಅಂಗಡಿಯಲ್ಲಿ ಯಂತ್ರ ಕೊರೆದ ಮಣಿಯ ಸರ ಪ್ರವಾಸಿಗರಿಗೆ ಮಾರುತ್ತಾರೆ. ಅದನ್ನು ಕಟ್ಟಿ ಮಗುವಿಗೆ ಕೆಟ್ಟ ಕನಸು ಬೀಳದಂತೆ ಕಾಯುವ ಬದಲು ಡೆಲ್ಬರ್ಟ್‌ನ ಅಂಗಿಯ ಗುಂಡಿ ಕಟ್ಟು.

ಚಳಿಗೆ ಬಂದು ಒಂದು ಜುನಿಪರ್ ಮರ ಹಿಡಿದು, ಬೇರೆ ಹಕ್ಕಿ ಹಣ್ಣು ಮುಟ್ಟದಂತೆ ಹಾಡಿ ಬೆದರಿಸುವ ಬೂದು ಹಕ್ಕಿ ಈ ಸಲವೂ ಬಂತು. ಕುರಿದೊಡ್ಡಿಯ ಕಂಬದ ಮೇಲೆ ಕೂತು ಆ ಕಂಬವನ್ನೇ ಕಾಯುತ್ತಿದೆ. "ಹೆಂಡ್ತಿ ಮನೆಗೆ ಬಂದು ಬೀಗ ನೋಡ್ದಂಗಾಯ್ತು ಪಾಪ" ಎಂದಳು ಅಮ್ಮ. ಹಣ್ಣು ತಿಂದು ಚಳಿ ಕಳೆಯುತ್ತಿದ್ದ ನರಿ ಈಗ ನಮ್ಮ ಕುಂಟು ಕುರಿಯನ್ನು ಹೊತ್ತೊಯ್ದಿದೆ.

ಮರ ಕಿತ್ತರೆ ಹುಲ್ಲು ಬರುತ್ತದೆ ಎಂದಿದ್ದರಲ್ಲ, ಬಂದದ್ದು ಮುಳ್ಳು. ವಸಂತದಲ್ಲಿ ನಾನು ಜ್ವರದಲ್ಲಿ ಮಲಗಿದ್ದಾಗ ಮರ ಕೀಳಬೇಕೋ ಬೇಡವೋ ಎಂದು ಕರೆದ ಊರ ಸಭೆಗೆ ನಮ್ಮ ಮನೆಯ ಪರವಾಗಿ ಹೋದವಳು ನೀನು. ಪಕ್ಕದ ಮನೆಯ ದೆಸ್ಬಾಹ್ ಅತ್ತೆ ನನಗೆ ಆಮೇಲೆ ಹೇಳಿದಳು: "ನಿಮ್ಮ ಐಲೀನು ಎಲ್ಲಾರಿಗಿಂತ ಮುಂಚೆ ಕೈ ಎತ್ತಿದ್ಲು ಕಣೇ." ಡೆಲ್ಬರ್ಟ್‌ನ ದನಗಳಿಗೆ ಮೇವಾಗಲಿ ಎಂದು ತಾನೆ? ಹುಲ್ಲು ಮೊಳೆಯುವ ಮೊದಲೇ ದನ ಮಾರಿ ಪೇಟೆ ಸೇರಿದಿರಿ. ಈಗ ಮರ ಕೇಳುತ್ತೀಯ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಬಳ್ಳಿ ಹೂಳದಿದ್ದರೆ ಮಗು ಬದುಕೆಲ್ಲ ಏನನ್ನೋ ಹುಡುಕುತ್ತ ಅಲೆಯುತ್ತದೆ. ನಾನು ಎಷ್ಟೇ ಸಿಟ್ಟಾಗಿದ್ದರೂ ನಮ್ಮ ಕುಲದ ಕೂಸಿಗೆ ಅದನ್ನು ಬಯಸಲಾರೆ. ಅವಳು ನಡೆಯುವ ದಾರಿ ಮುಂದೆಯೂ ಹಿಂದೆಯೂ ಚೆಲುವಾಗಿರಲಿ. ಅವಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ಅಕ್ಕ,
ವರ್ನಾ

ಒಂದು ಮಾತು ಮರೆತಿದ್ದೆ, ಅಂಚೆಯ ಲಾರಿ ಆಗಲೇ ಹಾರ್ನ್ ಹೊಡೆಯುತ್ತಿದೆ. ಸಭೆಯ ವಾರ ಅಮ್ಮ ಕುರಿಗಳೊಡನೆ ಗುಡ್ಡದ ಮೇಲಿದ್ದಳಲ್ಲ, ಯಾವತ್ತೂ ಸಭೆಗೆ ಹೋಗುವವಳು ನಾನಾದ್ದರಿಂದ ಕೈ ಎತ್ತಿದವಳೂ ನಾನೇ ಎಂದುಕೊಂಡಿದ್ದಾಳೆ. ಆಗಸ್ಟ್‌ನಿಂದ ನನ್ನೊಡನೆ ಮಾತಿಲ್ಲ. ಮೇಲೆ ಬರೆದ ಅವಳ ಮಾತುಗಳು ಅಳಿಲಿಗೆ, ಹಕ್ಕಿಗೆ ಹೇಳಿದವು, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ ಅಷ್ಟೆ. ನೀನು ಬಸುರಿ ಎಂದು ಸುಮ್ಮನಿದ್ದೆ. ಈಗ ಹೆತ್ತಾಯಿತು. ಬಳ್ಳಿಯನ್ನು ಅಂಚೆಯಲ್ಲಿ ಕಳಿಸಬೇಡ. ನೀನೇ ತಂದು ಅಮ್ಮನ ಕೈಯಲ್ಲಿಡು. ಎಲ್ಲಿ ಹೂಳಲಿ ಎಂದು ಅವಳು ನಿನ್ನನ್ನೇ ಕೇಳಲಿ.