ಬಿರುಕಿನ ಮೇಲಿನ ಗಾಜು

ಹಾಸ್ಟೆಲ್, ರೂಮ್ ನಂಬರ್ 14
9ನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಸಿಗ್ನಲ್ ಇಲ್ಲದ ಆ ಸೈಟಿನಲ್ಲಿ ನಿಮ್ಮ ಸೊಂಟನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲಾ ಕಲ್ಲಿನ ಮೇಸ್ತ್ರಿಗೆ ಅದೆಲ್ಲ ನಾಚಿಕೆಯೋ? ನಾನು ಚೆನ್ನಾಗಿದ್ದೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಕೂತು ಇದನ್ನೇ ಬರೆಯುತ್ತಿದ್ದೇನಲ್ಲ, ಕೈ ತಾನಾಗಿ ಬರೆದುಬಿಡುತ್ತದೆ. ನಿಜ ಹೇಳಬೇಕೆಂದರೆ ಶುಕ್ರವಾರದಿಂದ ಊಟ ಸೇರುತ್ತಿಲ್ಲ.

ನಮ್ಮ ಬ್ಯಾಚಿಗೆ ಅಳತೆ ತೆಗೆದು ಡ್ರಾಯಿಂಗ್ ಮಾಡಲು ಇನ್ನೂರು ವರ್ಷದ ಕಲ್ಲಿನ ಮನೆಯೊಂದನ್ನು ಕೊಟ್ಟಿದ್ದಾರೆ. ಬೀದಿಗೆ ಅಂಟಿಕೊಂಡೇ ನಿಂತ ಮೂರಂತಸ್ತು. ನೀವು ನೋಡಬೇಕಿತ್ತು! ಕೆಳಗೆ ಗೋಡೆ ಎರಡೂವರೆ ಅಡಿ ದಪ್ಪ. ಒಂದೊಂದು ಅಂತಸ್ತಿಗೂ ಒಳಮೈಯಲ್ಲಿ ಅರ್ಧ ಅಡಿ ತೆಳ್ಳಗಾಗುತ್ತಾ ಹೋಗುತ್ತದೆ, ಹಾಗೆ ಉಳಿದ ಅಂಚಿನ ಮೇಲೇ ತೊಲೆಗಳು ಕೂತಿವೆ. ಮೆಟ್ಟಿಲುಗಲ್ಲುಗಳ ಒಂದು ತುದಿ ಗೋಡೆಯೊಳಗೆ, ಇನ್ನೊಂದು ಬರೀ ಗಾಳಿಯಲ್ಲಿ. ಮೊದಲ ದಿನ ನಾನು ಕೂತುಕೊಂಡೇ ಹತ್ತಿದೆ. ಕೆಳಗೆ ಅಂಗಡಿ ಇಟ್ಟಿರುವ ಟೈಲರ್ ಆಂಟಿ, "ಹತ್ತೇ ತಾಯಿ, ನಿನ್ನ ತೂಕ ಅದಕ್ಕೆ ಗೊತ್ತೂ ಆಗಲ್ಲ" ಎಂದು ನಕ್ಕಿದ್ದರು.

ಮುಂಗೋಡೆಯಲ್ಲೊಂದು ಬಿರುಕಿದೆ, ಅದಕ್ಕೆ ಅಡ್ಡಲಾಗಿ ನಮ್ಮ ಸರ್ ಒಂದು ಗಾಜಿನ ಪಟ್ಟಿ ಅಂಟಿಸಿದ್ದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ಒಡೆಯುತ್ತದೆ. ಶುಕ್ರವಾರ ಒಡೆದಿತ್ತು. "ಗೋಡೆ ಸರೀತಿದೆ, ಮೇಲಿನ ಎರಡಂತಸ್ತು ಇಳಿಸಲೇಬೇಕು" ಎಂದು ಸರ್ ರಿಪೋರ್ಟ್ ಬರೆಯಲು ಕೂತರು. ಆಂಟಿ ಹೊಲಿಗೆ ಮಷಿನ್ನುಗಳಿಗೆ ಬೇರೆ ಜಾಗ ಹುಡುಕುತ್ತಿದ್ದಾರೆ.

ಗೋಡೆ ಸರಿದಿಲ್ಲ ಅಪ್ಪಾ. ಸ್ಟೀಲ್ ಟೇಪ್ ನನ್ನ ಕೈಜಾರಿ ಸರ್ರನೆ ಸುತ್ತಿಕೊಳ್ಳುವಾಗ ಅದರ ಕೊಕ್ಕೆ ಗಾಜಿಗೆ ಬಡಿಯಿತು. ಉಳಿದವರೆಲ್ಲ ಮೇಲಿದ್ದರು. ಗಾಜಿಗೆ ಕೈ ತಗುಲಿಸಿದವರು ಫೇಲ್ ಎಂದು ಸರ್ ಮೊದಲೇ ಹೆದರಿಸಿದ್ದರಿಂದ ನನ್ನ ಬಾಯಿ ಕಟ್ಟಿಹೋಯಿತು. ತಪ್ಪಾದಾಗ ಸುಮ್ಮನಿರುವುದನ್ನು ಹಾಸ್ಟೆಲ್ ಚೆನ್ನಾಗಿಯೇ ಕಲಿಸಿದೆ.

ಇವತ್ತು ಹನ್ನೊಂದಕ್ಕೆ ರಿಪೋರ್ಟ್ ನಗರಸಭೆಗೆ ಹೋಗುತ್ತದೆ. ಹತ್ತಕ್ಕೆ ನಾನು ಸರ್ ಮುಂದೆ ನಿಂತಿರುತ್ತೇನೆ. ತೊದಲಿದರೂ ಸರಿ, ಅರ್ಧ ಇಂಗ್ಲಿಷಿನಲ್ಲಾದರೂ ಸರಿ, ಪೂರ್ತಿ ಹೇಳದೆ ಹೊರಗೆ ಬರುವುದಿಲ್ಲ.

ಸೊಂಟ ಜೋಪಾನ. ಅಮ್ಮನಿಗೆ ನಾನೇ ಫೋನ್ ಮಾಡುತ್ತೇನೆ.

ನಿಮ್ಮ
ಪುಕ್ಕಲಿ ಮಗಳು

ತಾ.ಕ.: ಹೇಳಿಬಂದೆ. "ನಾಲ್ಕು ದಿನ ಎಲ್ಲಿ ಹೋಗಿತ್ತು ಈ ಬಾಯಿ?" ಎಂದರು. ರಿಪೋರ್ಟ್ ನಿಂತಿದೆ. ಹೊಸ ಗಾಜು ಅಂಟಿಸಿ ಮೂರು ತಿಂಗಳು ಕಾಯುತ್ತಾರಂತೆ. ಅದು ತಾನಾಗಿ ಒಡೆದರೆ ಬೇರೆ ಮಾತು. ಅಲ್ಲಿಯವರೆಗೆ ಆಂಟಿ ಅಲ್ಲೇ. ನಾನು ಮಾತ್ರ ಈ ಪೇಪರಿನಲ್ಲಿ ಫೇಲ್. ಕಾಲೇಜಿನಿಂದ ನಿಮಗೊಂದು ಪತ್ರ ಬರುತ್ತದೆ. ಅದರಲ್ಲಿರುವುದೆಲ್ಲ ನಿಜ. ಸಹಿ ಹಾಕಿ ಕಳಿಸಿಬಿಡಿ, ಪೇಪರ್ ಮತ್ತೆ ಕಟ್ಟುತ್ತೇನೆ.