ಸಾಸಿವೆ ಡಬ್ಬಿಯ ಎರಡನೇ ಕೀ

ಆಗಸ್ಟ್ 11, ಸೋಮವಾರ

ಮತ್ತೆ ಕೀ ಹುಡುಕಾಟ. ಸ್ಟವ್ ಹಿಂದೆ ನೋಡಿದೆ. ರೇಷ್ಮೆ ಗೂಡಿನ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿದೆ. ಇವರ ಪ್ಯಾಂಟಿನ ಜೇಬು ಜಾಲಾಡಿದೆ. ಕೀ ಮಹಾರಾಯ ಲ್ಯಾಪ್‌ಟಾಪ್‌ನಲ್ಲೇ ಚುಚ್ಚಿಕೊಂಡು ಕೂತಿದ್ದ! ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಸೆಕ್ಯೂರಿಟಿ ಕೀ ಅಂತೆ. ಹೆಸರು ಕೇಳಿದರೆ ಖಜಾನೆಯ ಬೀಗ ಅನ್ನಬೇಕು. ನೋಡಿದರೆ ಪೆನ್‌ಡ್ರೈವ್‌ನ ಮರಿ. ನಡುವೆ ಚಿನ್ನದ ಬಣ್ಣದ ಪುಟ್ಟ ಬಿಲ್ಲೆ. ಗೂಡಿನ ಹಾರ ಮಾರುವ ನಮ್ಮ ಪೇಜ್ ತೆರೆಯಬೇಕಾದರೆ ಪಾಸ್‌ವರ್ಡ್ ಹಾಕಬೇಕು, ಬಿಲ್ಲೆ ಮಿಣುಕ್ ಮಿಣುಕ್ ಅನ್ನುತ್ತದೆ, ಅದರ ಮೇಲೆ ಹೆಬ್ಬೆರಳು ಇಡಬೇಕು. ಆಗ ಒಳಗೆ ಬಿಡುತ್ತದೆ. ಕೆಲಸ ಮುಗಿದ ತಕ್ಷಣ ಲಾಗೌಟ್ — ಜುವೇರಿಯಾಳ ಅಪ್ಪಣೆ. ಮತ್ತೆ ಬೇಕಾದರೆ ಮತ್ತೆ ಮಿಣುಕ್, ಮತ್ತೆ ಹೆಬ್ಬೆರಳು. ಫೋನಿನಲ್ಲಿ ಮಾತ್ರ ಪೇಜ್ ಸದಾ ತೆರೆದಿರುತ್ತದೆ, ಅಷ್ಟು ಪುಣ್ಯ.

ಎರಡು ಕೀ ಕೊಡಿಸಿದ್ದಾಳೆ ಈ ಜುವೇರಿಯಾ. ಬೀದಿ ತುದಿಯಲ್ಲಿ ಮೊಬೈಲ್ ಅಂಗಡಿ ಅವಳದು. ಡಿಟಿಪಿ ಸೆಂಟರಿನಲ್ಲಿ ನನ್ನ ಪಕ್ಕ ಕೂತು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದವಳು. "ಒಂದು ನಿನ್ ಕೈಲಿರ್ಲಿ, ಇನ್ನೊಂದು ಬೇರೆ ಕಡೆ ಭದ್ರವಾಗಿರ್ಲಿ. ಒಂದ್ ಕಳ್ದೋದ್ರೆ ಇನ್ನೊಂದು ಕಾಪಾಡ್ತದೆ ಕಣೆ." ಎರಡನೆಯದು ಸಾಸಿವೆ ಡಬ್ಬಿಯಲ್ಲಿ ಹೂತಿದೆ. ಅತ್ತೆಯ ಐಡಿಯಾ. ಕಳ್ಳ ಬಂದರೆ ಒಗ್ಗರಣೆ ಹಾಕುತ್ತಾ ಕೂರುತ್ತಾನಾ ಅಂತ ಅವರ ವಾದ.

ಆಗಸ್ಟ್ 14, ಗುರುವಾರ, ಮಧ್ಯಾಹ್ನ

ಹಾಳಾದ್ದು!

ಕನಕಪುರದ ಹೆಂಗಸು. ಮಗಳ ಮದುವೆ. ಬಜೆಟ್ ಇಷ್ಟೇ ಅಂತ ಪೇಜಿಗೆ ಬರೆದರು. ತೂತಾದ ಗೂಡಿನ ಹಾರಕ್ಕೆ ಅಷ್ಟೊಂದು ಯಾಕೆ ಅಂತಲೂ ಕೇಳಿದರು. ಚಿಟ್ಟೆ ತೂತು ಮಾಡಿಕೊಂಡು ಹೋದ ಗೂಡಿನಲ್ಲಿ ನೂಲು ಬರುವುದಿಲ್ಲ, ನಮ್ಮತ್ತೆ ಅದನ್ನೇ ಕತ್ತರಿಸಿ, ಬಣ್ಣ ಹಾಕಿ, ಹೂವು ಮಾಡಿ ಪೋಣಿಸುತ್ತಾರೆ, ಕೈಕೆಲಸ ಜಾಸ್ತಿ... ಅಂತ ಟೈಪ್ ಮಾಡುತ್ತಿದ್ದೆ. ಕೀಗೆ ಕೈ ತಗುಲಿತು. ತಾನು ಮಿಣುಕಿ ಕೇಳದೇ ಇದ್ದಾಗ ಯಾರಾದರೂ ಮುಟ್ಟಿದರೆ ಇದು ಬಾಯಿಗೆ ಬಂದದ್ದನ್ನು ತಾನೇ ಟೈಪ್ ಮಾಡಿಬಿಡುತ್ತದೆ. ಕೊನೆಗೆ ಎಂಟರ್ ಕೂಡ ತಾನೇ ಒತ್ತುತ್ತದೆ. ಕನ್ನಡ ಕೀಬೋರ್ಡ್ ಆನ್ ಇತ್ತು. ಆಯಮ್ಮನಿಗೆ ಹೋಗಿದ್ದು ಇದು:

ಚಚಚಚಚಚಕಜಬುಹಿರಲತದುನಿಗವಕಜತಲು

ತಕ್ಷಣ ವಾಯ್ಸ್ ಮೆಸೇಜ್ ಬಂತು. "ನಮ್ ಬಜೆಟ್ ಕೇಳಿ ಅಷ್ಟೊಂದ್ ಚ್ಚ ಚ್ಚ ಚ್ಚ ಅನ್ನಂಗಿದ್ರೆ ಬ್ಯಾಡ ಬುಡಿ. ನಾವೇನ್ ಪುಕ್ಸಟ್ಟೆ ಕೇಳಿದ್ವಾ?"

ಮಗು ಒತ್ತಿಬಿಟ್ಟಿತು ಅಂತ ಸುಳ್ಳು ಹೇಳಿ ಕಾಲು ಹಿಡಿದದ್ದಾಯಿತು. ನಮ್ಮ ಮನೆಯಲ್ಲಿ ಮಗು ಎಲ್ಲಿದೆ? ಇರುವ ಒಂದು ಮಗು ಅತ್ತೆಯದು, ಅದಕ್ಕೆ ಮೀಸೆ ಬಂದಿದೆ, ಲಗೇಜ್ ಆಟೋ ಓಡಿಸುತ್ತದೆ.

ಆಗಸ್ಟ್ 29, ಶುಕ್ರವಾರ

ಸ್ನಾನಕ್ಕೆ ಹೋದರೆ ಬಾಗಿಲು ಬಡಿತ. "ಅನು, ಮಿಣುಕ್ತಾ ಐತೆ, ಬಾ ಬೇಗ!" — ಮೀಸೆಯ ಮಗು. ಮೈ ಮೇಲೆ ನೀರು ಸುರಿಸಿಕೊಂಡು ಓಡಿ ಬಂದು ಹೆಬ್ಬೆರಳು ಒತ್ತಿದೆ. ಸೆಟ್ ಮಾಡುವಾಗ ನನ್ನ ಬೆರಳು ಇಟ್ಟಿದ್ದು, ಹಾಗಾಗಿ ನನ್ನದೇ ಬೇಕು. ಮೊದಲೇ ಗೊತ್ತಿದ್ದರೆ ಇವರ ಬೆರಳು ಇಡಿಸುತ್ತಿದ್ದೆ. ಇವರು ಓಡಿ ಬರಲಿ.

ಅಷ್ಟಕ್ಕೂ ಕೀ ಬಂದದ್ದೇ ಇವರ ದೆಸೆಯಿಂದ. ಹೋದ ವರ್ಷ ಯಾವನೋ ಫೋನ್ ಮಾಡಿ ನಯವಾಗಿ ಕೇಳಿದ, ಇವರು ಓಟಿಪಿ ಓದಿ ಹೇಳಿದರು. "ಪಾಪ, ತುಂಬಾ ಮರ್ಯಾದೆಯಾಗಿ ಮಾತಾಡ್ದ ಕಣೆ." ಮರ್ಯಾದೆಯಾಗಿಯೇ ಪೇಜ್ ಎತ್ತಿಕೊಂಡು ಹೋದ.

ಸಂಜೆ ಅತ್ತೆ ಹತ್ತಿರ ಬಂದು ನಿಂತರು. "ನನ್ ಬೆರಳ್ನೂ ಒಸಿ ಅದುಕ್ಕೆ ಸೇರ್ಸವ್ವ. ನೀನು ಕೈ ಕೆಲ್ಸದಲ್ಲಿದ್ದಾಗ ನಾನು ಒತ್ತೇನು."

ತಲೆ ಕೆಟ್ಟಿತ್ತು. "ನಿಮ್ಮ ಬೆರಳು ಯಾವ ಮಿಷನ್‌ಗೆ ಆಗಿದೆ ಅತ್ತೆ, ಇದಕ್ಕೆ ಆಗೋಕೆ?" ಅಂದುಬಿಟ್ಟೆ.

ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಮದುವೆಯಾದ ವರ್ಷದಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ದುಡಿದ ಕೈ. ಕುದಿಯುವ ನೀರಿನಲ್ಲಿ ಬೆರಳದ್ದಿ ಗೂಡಿನ ಎಳೆ ಹಿಡಿದು ಹಿಡಿದು ಗೆರೆಯೆಲ್ಲ ಸವೆದಿದೆ. ರೇಷನ್ ಅಂಗಡಿಯಲ್ಲಿ ಹತ್ತೂ ಬೆರಳು ಇಡಿಸಿ, ಒರೆಸಿ, ಮತ್ತೆ ಇಡಿಸಿ, "ಮನೇಲಿ ಬೇರೆ ಯಾರಾರ ಇದ್ರೆ ಕಳ್ಸಮ್ಮ" ಅನ್ನುತ್ತಿದ್ದರು. ಬ್ಯಾಂಕಿನಲ್ಲೂ ಅದೇ. "ದೇವ್ರು ಬರ್ದಿದ್ದ, ನೀರು ಅಳಿಸ್ತು" ಅಂತ ನಗುತ್ತಾರೆ ಅತ್ತೆ. ಇವತ್ತು ನಗಲಿಲ್ಲ.

ಅನ್ನಬಾರದಿತ್ತು. ನಾಲಿಗೆಗೂ ಒಂದು ಪಾಸ್‌ವರ್ಡ್ ಬೇಕು ನನಗೆ.

ಸೆಪ್ಟೆಂಬರ್ 6, ಶನಿವಾರ

ಅತ್ತೆ ಹಿಂದಿನ ಕೋಣೆಯ ಕತ್ತಲಲ್ಲಿ ಕೂತು ಪೋಣಿಸುತ್ತಾರೆ. ಕಣ್ಣು ಹಾಳಾಗುತ್ತದೆ, ಜಗಲಿಗೆ ಬನ್ನಿ, ಬೆಳಕಿದೆ ಅಂದೆ. "ಇಲ್ಲೇ ಸರ್ಯಾಗೈತೆ ಬುಡು."

ಯಾಕೆ ಅಂತ ನನಗೆ ಗೊತ್ತು. ಪೇಜಿನ ಹೆಸರು 'ಲಕ್ಷ್ಮಿದೇವಮ್ಮನ ಗೂಡಿನ ಹಾರ'. ಹೆಸರೂ ಅತ್ತೆಯದೇ, ಮೇಲಿನ ಫೋಟೋವೂ ಅವರದೇ. ಪೇಜ್ ಕದ್ದವನು ಆ ಫೋಟೋ ಇಟ್ಟುಕೊಂಡೇ ಆರ್ಡರ್ ತೆಗೆದುಕೊಂಡ. ಮಾಗಡಿಯ ಮಾಯಣ್ಣ ಅನ್ನುವವರು ಮಗಳ ಮದುವೆಯ ಹಾರಕ್ಕೆ ಹಣ ಕಳಿಸಿ ಕಾದರು, ಹಾರ ಬರಲಿಲ್ಲ. ವಿಳಾಸ ಹುಡುಕಿಕೊಂಡು ಬಂದು ನಮ್ಮ ಬೀದಿಯಲ್ಲಿ ನಿಂತರು. ಜಗಲಿಯಲ್ಲಿ ಕೂತಿದ್ದವರ ಮುಖ ಫೋಟೋದಲ್ಲಿದ್ದ ಮುಖವೇ. "ನಾಚ್ಕೆ ಆಗಕಿಲ್ವಾ? ಕಳ್ಳಿ!" ಇಡೀ ಬೀದಿ ಕೇಳಿಸಿಕೊಂಡಿತು. ಅವರದೂ ತಪ್ಪಲ್ಲ, ಮಗಳ ಮದುವೆ.

ಅವತ್ತು ಅತ್ತೆ ಗೂಡಿನ ಮೊರ ಎತ್ತಿಕೊಂಡು ಒಳಗೆ ಬಂದವರು ಮತ್ತೆ ಹೊಸ್ತಿಲು ದಾಟಿಲ್ಲ. ಹಾಲಿಗೂ ನಾನೇ, ತರಕಾರಿಗೂ ನಾನೇ. ಪೇಜ್ ವಾಪಸ್ ಬಂತು. ಅತ್ತೆ ಬರಲಿಲ್ಲ.

ಅದಕ್ಕೇ ಈ ಕೀಯನ್ನು ಬೈದುಕೊಂಡೂ ಸಹಿಸಿದ್ದೇನೆ. ಇನ್ನೊಂದು ಸಲ ಹಾಗಾದರೆ ಅವರು ಹಾರ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಅವರಿಗೆ ಏನು ಉಳಿಯುತ್ತದೆ?

ಅಕ್ಟೋಬರ್ 26, ಭಾನುವಾರ

ಬರೆಯಲು ಪುರುಸೊತ್ತೇ ಇಲ್ಲ. ಮದುವೆ ಸೀಸನ್. ಮಿಣುಕ್, ಹೆಬ್ಬೆರಳು. ಮಿಣುಕ್, ಹೆಬ್ಬೆರಳು.

ಮುಂದಿನ ಭಾನುವಾರ ಕನಕಪುರ. ತಂಗಿಯ ಮಗುವಿನ ನಾಮಕರಣ. ಕೀ ಮತ್ತೆ ಕಳೆದುಹೋಗದಿರಲಿ ಅಂತ ಫೋನಿನ ಕವರಿಗೇ ದಾರ ಹಾಕಿ ಕಟ್ಟಿದೆ. ಜುವೇರಿಯಾ ನೋಡಿ ಹಣೆ ಚಚ್ಚಿಕೊಂಡಳು. "ಬೀಗಾನೂ ಕೀನೂ ಒಂದೇ ದಾರದಲ್ಲಿ ಕಟ್ತಾರೇನೇ? ಫೋನಿಗೆ ಲಾಕಾದ್ರೂ ಐತಾ?"

ಇಲ್ಲ. ಅತ್ತೆ ಆರ್ಡರ್ ಫೋಟೋ ನೋಡಬೇಕಲ್ಲ. ಅವರ ಬೆರಳು ಅದಕ್ಕೂ ಆಗಲಿಲ್ಲ, ಲಾಕ್ ತೆಗೆಸಿಬಿಟ್ಟೆ. ಎಲ್ಲರಿಗೂ ಉಪದೇಶ ಮಾಡುವುದು ಸುಲಭ.

ನವೆಂಬರ್ 4, ಮಂಗಳವಾರ

ಈಗ ಬರೆಯುತ್ತೇನೆ.

ಭಾನುವಾರ ಕನಕಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಬ್ಯಾಗಿನ ಜಿಪ್ ತೆರೆದಿತ್ತು. ಫೋನ್ ಇಲ್ಲ. ದಾರ ಇಲ್ಲ. ಕೀ ಇಲ್ಲ.

ತಂಗಿಯ ಮನೆಗೆ ಓಡಿದೆ. ಅವಳ ಫೋನಿನಲ್ಲಿ ನಮ್ಮ ಪೇಜ್ ನೋಡಿದೆ. ಆಗಲೇ ಹೊಸ ನೋಟಿಸ್ — 'ಇವತ್ತು ಮಾತ್ರ ಅರ್ಧ ಬೆಲೆ, ಈ ನಂಬರಿಗೆ ಅಡ್ವಾನ್ಸ್ ಕಳಿಸಿ.' ನಂಬರ್ ನಮ್ಮದಲ್ಲ. ಮೇಲೆ ಅತ್ತೆ ನಗುತ್ತಿದ್ದಾರೆ.

ಬೇರೆ ಕಡೆಯಿಂದ ಲಾಗಿನ್ ಆಗಿ ಆ ಫೋನನ್ನು ಹೊರಗೆ ಹಾಕಬೇಕು. ಅದಕ್ಕೆ ಎರಡನೇ ಕೀ ಬೇಕು. ಅದು ಸಾಸಿವೆ ಡಬ್ಬಿಯಲ್ಲಿ. ಜುವೇರಿಯಾಳ ನಂಬರ್ ನೆನಪಿಲ್ಲ. ನೆನಪಿರುವುದು ಎರಡೇ ನಂಬರ್. ಇವರದು — ಬೈರಮಂಗಲಕ್ಕೆ ಲೋಡ್ ಹೊತ್ತು ಹೋಗಿದ್ದರು, ನಾಟ್ ರೀಚಬಲ್. ಇನ್ನೊಂದು ಅತ್ತೆಯ ಬಟನ್ ಫೋನ್.

"ಅತ್ತೆ, ಸಾಸಿವೆ ಡಬ್ಬಿಯಿಂದ ಕೀ ತಗೊಂಡು ಜುವೇರಿಯಾ ಅಂಗಡಿಗೆ ಹೋಗಬೇಕು. ಈಗಲೇ."

"ಬೀದಿ ತುದೀಗಾ? ಶಿವ್ರಾಜ ಲೋಡ್ ಇಳ್ಸಿ ಬರ್ಲಿ ಕಣವ್ವ."

"ಅವರು ಬರೋ ಹೊತ್ತಿಗೆ ಊರೆಲ್ಲ ಮೋಸ ಹೋಗಿರುತ್ತೆ. ಹೋದ ವರ್ಷದ ಥರಾನೇ ಆಗ್ತಿದೆ ಅತ್ತೆ."

"ತಿರ್ಗಾ ನನ್ ಮಕಾನೇ ಆಕವ್ರಾ?"

"ಹೂಂ. ನಿಮ್ಮ ಮುಖಾನೇ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಯಾರೋ ಎಲೆ ಹಾಕಿ ಒಬ್ಬಟ್ಟು ಬಡಿಸಿದರು. ತುಪ್ಪ ಬೇಕಾ ಅಂತ ಕೇಳಿದರು. ತುಪ್ಪ! ಅಳುವೋ ಕೋಪವೋ ಗೊತ್ತಾಗದೆ ಎಲೆ ಮುಂದೆ ಕೂತಿದ್ದೆ.

ತಂಗಿಯ ಫೋನ್ ರಿಂಗಾಯಿತು. ಜುವೇರಿಯಾ.

"ಅಮ್ಮ ಬಂದವ್ರೆ ಕಣೆ. ಬೀದಿಲಿ ಎಲ್ರೂ ಮಾತಾಡ್ಸಿದ್ರಂತೆ, ಒಬ್ರಿಗೂ ಉತ್ರ ಕೊಡ್ದೆ ನಡ್ಕಂಡ್ ಬಂದವ್ರೆ. ಸೆರಗಿನ ಗಂಟು ಬಿಚ್ಚಿದ್ರೆ ಟೇಬಲ್ ತುಂಬಾ ಸಾಸಿವೆ. ಪಾಸ್‌ವರ್ಡ್ ಹೇಳು."

ಸುತ್ತ ಬಂಧುಬಳಗ. ತಿರುಗಿ ಗೋಡೆಗೆ ಮುಖ ಮಾಡಿ ಒಂದೊಂದೇ ಅಕ್ಷರ ಹೇಳಿದೆ. ಎ... ಟಿ... ಟಿ... ಇ... ಕೆ... ಎ... ಎ... ಟಿ... ಎ.

ಆ ಕಡೆ ಕೀಬೋರ್ಡ್ ಸದ್ದು ನಿಂತಿತು. "ಲೇ. ಅತ್ತೆ ಕಾ—"

"ಮುಂದಕ್ಕೆ ಓದಬೇಡ ಮಾರಾಯ್ತಿ!"

"ಸ್ಪೀಕರ್ ಆನ್ ಐತೆ," ಅಂದಳು ಮೆಲ್ಲಗೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಸರಿ, ಮಿಣುಕ್ತಾ ಐತೆ ಈಗ."

"ಅಯ್ಯೋ, ಗಾಬರಿಯಲ್ಲಿ ಅದು ಮರೆತೇಹೋಗಿತ್ತು! ನನ್ನ ಹೆಬ್ಬೆರಳು ಇಲ್ಲಿದೆ. ನಾನು ಬಸ್ ಹತ್ತಿ ಬರೋ ಹೊತ್ತಿಗೆ..."

"ನಿನ್ ಹೆಬ್ಬೆರಳು ಯಾಕೆ?"

"ಬೆರಳಚ್ಚು ನೋಡಬೇಕಲ್ಲ."

"ಯಾವಳು ಹೇಳಿದ್ಲೇ ನಿಂಗೆ? ಇದು ಬೆರಳಚ್ಚು ನೋಡಲ್ಲ. ಮುಂದ್ಗಡೆ ಒಬ್ರು ಮನುಷ್ಯರು ಕೂತವ್ರೆ ಅಂತ ಗೊತ್ತಾದ್ರೆ ಸಾಕು ಇದುಕ್ಕೆ. ಯಾರ್ ಮುಟ್ಟಿದ್ರೂ ಆಯ್ತದೆ."

ಇಷ್ಟು ತಿಂಗಳು! ಸ್ನಾನದಿಂದ ಎದ್ದು ಓಡಿ ಬಂದದ್ದು, ರಾಗಿ ಹಿಟ್ಟಿನ ಕೈಯಲ್ಲಿ ಓಡಿ ಬಂದದ್ದು... ಮತ್ತೆ ಅತ್ತೆಗೆ ಅಂದ ಆ ಮಾತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅಮ್ಮ, ಮುಟ್ಟಿ," ಜುವೇರಿಯಾ ಹೇಳುವುದು ಕೇಳಿಸಿತು.

"ನಂದು ಬ್ಯಾಡ ಕಣವ್ವ. ನನ್ ಬೆರಳಲ್ಲಿ ಏನೂ ಇಲ್ಲ. ನೀನೇ ಮುಟ್ಬುಡು."

"ಪೇಜ್ ಮೇಲೆ ಯಾರ ಹೆಸ್ರೈತೆ? ನನ್ನದಾ? ನೀವೇ ಮುಟ್ಟಿ."

"ಕೆಟ್ಗಿಟ್ಟೋದ್ರೆ?"

ಇಬ್ಬರ ಉಪಚಾರದ ನಡುವೆ ಅಲ್ಲಿ ಯಾರಾದರೂ ದುಡ್ಡು ಕಳಿಸಿರುತ್ತಾರೆ! ಎಲೆ ಬಿಟ್ಟು ಎದ್ದು ನಿಂತು ಕೂಗಿದೆ: "ಅತ್ತೆ, ಮುಟ್ಟಿ! ಆಗುತ್ತೆ! ನಾನು ಅವತ್ತು ಅಂದಿದ್ದು ಸುಳ್ಳು, ಮುಟ್ಟಿ!"

ನಾಮಕರಣಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ಮಗು ಎದ್ದು ಅಳತೊಡಗಿತು. ಅಂಗಡಿಯಲ್ಲಿ ಯಾರೋ ಸ್ಕ್ರೀನ್ ಗಾರ್ಡ್ ಕೇಳುತ್ತಿದ್ದ. ಆಮೇಲೆ ಅತ್ತೆಯ ದನಿ. ತೀರಾ ಸಣ್ಣಗೆ.

"ತಗಂಡ್ತು."

ಮತ್ತೆ: "ಅನುಷಾ... ನಂದು ತಗಂಡ್ತು ಕಣವ್ವ."

ಉಳಿದದ್ದನ್ನು ಜುವೇರಿಯಾ ಮುಗಿಸಿದಳು. ಕಳುವಾದ ಫೋನ್ ಹೊರಕ್ಕೆ, ಕಳೆದ ಕೀ ರದ್ದು, ಸುಳ್ಳು ನೋಟಿಸ್ ಡಿಲೀಟ್, ಸಿಮ್ ಬ್ಲಾಕ್, ಪಾಸ್‌ವರ್ಡ್ ಹೊಸದು. ಇಬ್ಬರು ವಿಚಾರಿಸಿದ್ದರಂತೆ, ದುಡ್ಡು ಹಾಕಿರಲಿಲ್ಲ.

ಸಂಜೆ ಮನೆಗೆ ಬಂದೆ. ಅತ್ತೆ ಮುದ್ದೆ ತೊಳಸುತ್ತಿದ್ದರು. ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವರೇ ಮೊದಲು ಕೇಳಿದರು: "ಅದೇನೋ ಎ ಟಿ ಟಿ ಇ ಅಂದ್ಯಲ್ಲ, ಏನವ್ವ ಅದು?"

ಇಂಗ್ಲಿಷ್ ಪದ ಅತ್ತೆ, ಅಂದೆ.

ನವೆಂಬರ್ 17, ಸೋಮವಾರ, ಸಂಜೆ

ಹೊಸ ತಲೆನೋವು. ಕೀ ಈಗ ಅತ್ತೆಯದು. ನನ್ನನ್ನು ಮುಟ್ಟಲೂ ಬಿಡುವುದಿಲ್ಲ. ಪಾಸ್‌ವರ್ಡ್ ಹಾಕಿ ಕಾಯಬೇಕು, ಅವರು ಕೈ ತೊಳೆದು, ಒರೆಸಿಕೊಂಡು, ಪೂಜೆಗೆ ಬರುವ ಹಾಗೆ ಬರಬೇಕು. ಅಷ್ಟರಲ್ಲಿ ಟೈಮ್ ಮುಗಿದು ಹೋಗಿರುತ್ತದೆ. ಮತ್ತೆ ಪಾಸ್‌ವರ್ಡ್. ಪಕ್ಕದ ಮನೆಯ ಯಲ್ಲಮ್ಮನನ್ನು ಕರೆದು ತೋರಿಸಿದ್ದೂ ಆಯಿತು. ರೇಷನ್ ಅಂಗಡಿಗೆ ತಾವೇ ಹೋಗಿ ಹೇಳಿ ಬಂದರಂತೆ: "ಬೆರಳು ಸರ್ಯಾಗೇ ಐತೆ ಕಣ್ಲಾ, ನಿನ್ ಮಿಷನ್ನೇ ಸರಿ ಇಲ್ಲ."

ಮೂರು ದಿನದಿಂದ ಜಗಲಿಯಲ್ಲಿ ಕೂತು ಪೋಣಿಸುತ್ತಿದ್ದಾರೆ. ಯಾರೂ ಕರೆಯಲಿಲ್ಲ, ತಾವಾಗಿಯೇ ಮೊರ ಎತ್ತಿಕೊಂಡು ಹೋದರು. ನಾನು ಕಿಟಕಿಯಿಂದ ನೋಡಿ ಅತ್ತುಬಿಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಈ ಡೈರಿಯ ಫೈಲಿನ ಹೆಸರು 'ಹಳೇ ಕರೆಂಟ್ ಬಿಲ್', ಯಾರೂ ತೆರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಆ ಮಾತು ಅಂದದ್ದಕ್ಕೆ ಇವತ್ತಾದರೂ ಎದುರು ಕೂತು ಸರಿಯಾಗಿ ಹೇಳಬೇಕು ಅಂತ...

ಎದ್ದು ಬರುತ್ತಿದ್ದಾರೆ. ಕೀ ಚುಚ್ಚಿರುವುದು ಕಂಡಿರಬೇಕು. ಇಲ್ಲ ಅತ್ತೆ, ಪೇಜ್ ಅಲ್ಲ ಇದು. ಮಿಣುಕ್ತಿಲ್ಲ ನೋಡಿ. ಅದು ಈಗ ಏನೂ ಕೇಳ್ತಿಲ್ಲ ಅತ್ತೆ, ಸುಮ್ಮನೆ ಬರೀತಿದ್ದೀನಿ, ಬೇಡ, ಮುಟ್ಟಬೇ

ಚಚಚಚಚಚನತವಗುಕಿರಜಲದಹುಬಿತುನಕವರಿಜ