ಮಲಗಿದವರು ವೈರಾಗಿಗಳಲ್ಲ

ಜೂನ್ ೧೪, ಭಾನುವಾರ

ಪರಮಪೂಜ್ಯ ಅಕ್ಕನ ಸನ್ನಿಧಾನಕ್ಕೆ,

ನಿನ್ನ ಒಬ್ಬನೇ ತಮ್ಮನ ಸಾಷ್ಟಾಂಗ ನಮಸ್ಕಾರ. ಉತ್ತರ ತಡವಾಯಿತು, ಕ್ಷಮಿಸು. ಮೊನ್ನೆಯವರೆಗೆ ಕೆಲಸವಿತ್ತು, ಪುರುಸೊತ್ತಿರಲಿಲ್ಲ. ಈಗ ಕೆಲಸವಿಲ್ಲ, ಪುರುಸೊತ್ತೋ ಪುರುಸೊತ್ತು. ಹೌದು, ಭಾವನ ವರದಿಗೆ ನಾನು ಸಹಿ ಹಾಕಲಿಲ್ಲ.

ಅವರ ಕಥೆ ನೀನು ಕೇಳಿದ್ದೀಯ, ನನ್ನದನ್ನೂ ಕೇಳು. ಅವರ ಪ್ರಯೋಗಾಲಯದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಇಲಿಗಳ ಗೂಡಿಗೊಂದು ಸನ್ನೆಕೋಲಿದೆ. ಇಲಿ ಅದನ್ನು ಒತ್ತಿದರೆ ರಕ್ತನಾಳಕ್ಕೆ ಕೂರಿಸಿದ ನಳಿಕೆಯಿಂದ ಹೊಸ ನಿದ್ದೆಮದ್ದು ಒಂದಿಷ್ಟು ಒಳಗೆ ಹೋಗುತ್ತದೆ. ಮತ್ತೆ ಮತ್ತೆ ಒತ್ತಿದರೆ ಮದ್ದು ಚಟ ಹಿಡಿಸುತ್ತದೆಂದು ಅರ್ಥ. ಭಾವ ಏನು ಮಾಡಿದರು? ಒಂದು ಸಲ ಒತ್ತಿದರೆ ಸಿಗುವ ಮದ್ದಿನ ಪ್ರಮಾಣವನ್ನು ಏರಿಸಿಟ್ಟರು. ಇಲಿರಾಯರು ಒಮ್ಮೆ ಒತ್ತುತ್ತಾರೆ, ದೊಪ್ಪೆಂದು ಬೀಳುತ್ತಾರೆ. ಬಿದ್ದವರು ಇನ್ನೆಲ್ಲಿ ಒತ್ತಿಯಾರು? ವರದಿಯಲ್ಲಿ ಬಂತು: "ಪ್ರಾಣಿಗಳು ಆಸಕ್ತಿ ತೋರಲಿಲ್ಲ." ಎದ್ದ ಇಲಿ ಕಣ್ಣು ಪೂರ್ತಿ ಬಿಡುವ ಮೊದಲೇ, ನೀರನ್ನೂ ಕಾಳನ್ನೂ ದಾಟಿ, ತೂರಾಡುತ್ತ ಸನ್ನೆಕೋಲಿಗೇ ಹೋಗುವುದನ್ನು ಅವರೂ ನೋಡಿದ್ದಾರೆ.

"ಪ್ರಮಾಣ ಇಳಿಸಿ ನೋಡೋಣ ಭಾವ" ಅಂದೆ.

"ಇಲ್ಲಿ ಭಾವ ಅನ್ಬೇಡ, ಸರ್ ಅನ್ನು."

"ಪ್ರಮಾಣ ಇಳಿಸಿ ನೋಡೋಣ ಸರ್."

"ಬಾಯ್ಮುಚ್ಕೊಂಡು ಕೂತ್ಕೋ."

ಬಾಯಿ ಮುಚ್ಚಿದೆ. ಕೈಗೇನೂ ಅಪ್ಪಣೆಯಾಗಿರಲಿಲ್ಲವಲ್ಲ! ಮದ್ದಿನ ಕಂಪನಿಯವರು ಬರುವ ದಿನ ಇಲಿಕೋಣೆಯ ಬಾಗಿಲಿಗೆ ಗಂಭೀರವಾಗಿ ಒಂದು ಫಲಕ ತೂಗುಹಾಕಿದೆ: "ಗ್ರಾಹಕರು ತೃಪ್ತಿಯಿಂದ ಮಲಗಿದ್ದಾರೆ. ಇದನ್ನು ವೈರಾಗ್ಯವೆಂದು ತಿಳಿಯಬಾರದು." ಕಂಪನಿಯ ಹಿರಿಯರು ಗಟ್ಟಿಯಾಗಿ ಓದಿ ನಕ್ಕರು. ಅರ್ಥವಾದ ಮೇಲೆ ನಗು ನಿಂತಿತು. "ಯಾರ್ರೀ ಇದು?" ಅಂದರು. ಭಾವನ ಕಿವಿ ಕೆಂಪಗಾದದ್ದು ಹಿಂದಿನಿಂದಲೂ ಕಾಣುತ್ತಿತ್ತು.

ಆ ಸಂಜೆ ನಿಮ್ಮ ಮನೆಯಲ್ಲಿ ಅವರು "ಸಹಿ ಹಾಕು, ಇಲ್ಲಾ ಕೆಲಸಾನೂ ಬಿಡು, ಈ ಮನೆಗೂ ಬರ್ಬೇಡ" ಅಂದದ್ದು ನಿನಗೆ ಗೊತ್ತು. "ಒಂದು ಸಹಿ ತಾನೇ, ಹಾಕಿಬಿಡೋ, ನನ್ನ ಸಂಸಾರ ನೋಡು" ಅಂತ ಆಮೇಲೆ ನೀನೂ ಬರೆದೆ. ನೋಡಿದೆ ಅಕ್ಕ, ತುಂಬ ಹೊತ್ತು ನೋಡಿದೆ. ಆದರೆ ಈ ಮದ್ದು ಮಾತ್ರೆಯಾಗಿ ಅಂಗಡಿಗೆ ಬಂದರೆ, ನಿದ್ದೆ ಬಾರದ ಯಾರದೋ ಅಕ್ಕ "ಚಟ ಹಿಡಿಸುವುದಿಲ್ಲ" ಎಂಬುದನ್ನು ನಂಬಿ ನುಂಗುತ್ತಾಳೆ. ಆ ಸುಳ್ಳಿಗೆ ನನ್ನ ಹೆಸರು ಸಿಗುವುದಿಲ್ಲ. ಔಷಧ ನಿಯಂತ್ರಣ ಕಚೇರಿಗೆ ಆಕ್ಷೇಪಣೆ ಬರೆದಿದ್ದೇನೆ. ಈ ಪತ್ರದ ಜೊತೆಗೇ ಅಂಚೆಗೆ ಬೀಳುತ್ತದೆ. ಕಚೇರಿಯವರು ಕೇಳಿಕೊಂಡು ಬರುವ ಮೊದಲೇ ಭಾವನಿಗೆ ಹೇಳಿಬಿಡು. ಬೆನ್ನ ಹಿಂದೆ ಮಾಡಿದ ಅನ್ನುವ ಮಾತು ನನಗೆ ಬೇಡ.

ಕಿರಿಯನಾದರೂ ಹರಸುತ್ತೇನೆ: ನಿನ್ನ ಮನೆ ತಣ್ಣಗಿರಲಿ. ಭಾವನಿಗೆ ಮಾತ್ರೆಯಿಲ್ಲದೆ ನಿದ್ದೆ ಬರಲಿ.

ಇಂತಿ ನಿನ್ನ,
ತರಲೆ

ಇನ್ನೊಂದು ಮಾತು: ಆ ಸಂಜೆ ಭಾವ ಗದರಿದ್ದು ನನಗೆ ನಾಟಲಿಲ್ಲ. ನೀನು ಎದ್ದುಹೋಗಿ, ನನ್ನ ಚಪ್ಪಲಿಗಳನ್ನು ಬೀದಿಗೆ ಮುಖಮಾಡಿ ಜೋಡಿಸಿಟ್ಟೆ. ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗಲೂ ಹೀಗೇ ಇಡುತ್ತಿದ್ದೆ. ಆದರೆ ಆಗ "ಬೇಗ ಬಾರೋ" ಅಂತ ಕೂಗುತ್ತಿದ್ದೆ. ಈ ಸಲವೂ ಕೂಗುತ್ತೀಯೇನೋ ಅಂತ ಬೀದಿಯ ತಿರುವಿನವರೆಗೂ ಮೆಲ್ಲಗೆ ನಡೆದೆ. ಇರಲಿ. ನೀನೇ ಬಂದು ಮತ್ತೆ ಕೇಳಿದರೂ ನನ್ನ ಉತ್ತರ ಅದೇ. ಆದರೂ ಬಂದು ಕೇಳು.